ಗಂಟೆಗೆ ಮುಂಚೆ ಹೊರಡುವ ಮಗಳು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಗುರುಲಿಂಗವ್ವನಷ್ಟು ಸಂಶಯದ ಹೆಂಗಸು ಇನ್ನೊಬ್ಬಳಿರಲಿಲ್ಲ. ಹಾಲಿನವನು ಎರಡು ದಿನ ಗಟ್ಟಿ ಹಾಲು ಕೊಟ್ಟರೆ ಮೂರನೆಯ ದಿನ "ಯಾಕಪಾ, ಏನ್ ವಿಚಾರ?" ಎಂದು ಕೇಳುವವಳು. ಗಂಡ ಶಂಕ್ರಪ್ಪ ಮಗ್ಗದ ಕುಣಿಯೊಳಗೆ ಕೂತು ಸುಮ್ಮನೆ ನಕ್ಕರೂ ಸಾಕು, ಯಾಕೆ ನಕ್ಕನೆಂದು ತಿಳಿಯುವ ತನಕ ಅವಳ ಗಂಟಲಲ್ಲಿ ರೊಟ್ಟಿ ಇಳಿಯುತ್ತಿರಲಿಲ್ಲ.

ಅಂಥವಳ ಮನೆಯಲ್ಲಿ, ಎಪ್ಪತ್ತಾರರ ಆ ವರ್ಷ, ಮುಂಜಾನೆಗಳು ಇದ್ದಕ್ಕಿದ್ದಂತೆ ಸುಸೂತ್ರವಾಗಿಬಿಟ್ಟವು. ಮೊದಲು ಹೇಗಿತ್ತೆಂದರೆ, ಅಬ್ಬಬ್ಬಾ! ಒಬ್ಬನ ಅಂಗಿಗೆ ಗುಂಡಿಯಿಲ್ಲ, ಒಬ್ಬಳಿಗೆ ರಿಬ್ಬನ್ನಿಲ್ಲ, ಕಿರಿಯವನು ನೀರಿನ ಹಂಡೆಯ ಹಿಂದೆ ಅಡಗಿ ಕೂತಿದ್ದಾನೆ. ಇತ್ತ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಡುವವರಿಲ್ಲ. ಲಾಳಿ ನಿಂತಿತೆಂದರೆ ಶಂಕ್ರಪ್ಪನ ಬಾಯಿ ಶುರು. ಕೊನೆಗೆ ಗುರುಲಿಂಗವ್ವ ಒಂದು ತೀರ್ಮಾನ ಮಾಡಿದಳು. ಮೂರು ಮಕ್ಕಳು ಹೊತ್ತಿಗೆ ಸರಿಯಾಗಿ ಶಾಲೆಗೆ ಹೋಗಲೆಂದು ಹಿರಿಯವಳನ್ನೇ ಶಾಲೆ ಬಿಡಿಸಿದಳು! ಆರನೇ ತರಗತಿ ಪಾಸಾಗಿದ್ದ ಹದಿಮೂರರ ಪಾರ್ವತಿಗೆ "ನಿನಗ ಓದೂದು ಬರಿಯೂದು ಬಂತಲ್ಲ, ಸಾಕು" ಎಂದಳು. ಹುಡುಗಿ ಹೂಂ ಎಂದಳು, ಅಷ್ಟೇ.

ಪಾರ್ವತಿಯ ಕಾರುಬಾರು ನೋಡಬೇಕಿತ್ತು. ಹಿಂದಿನ ಸಂಜೆಯೇ ಮೂರು ಪಾಟಿಚೀಲ ಗೂಟಕ್ಕೆ ಸಾಲಾಗಿ ತೂಗುತ್ತಿದ್ದವು. ಅಂಗಿಗಳು ಹಾಸಿಗೆಯ ಕೆಳಗೆ ಇಸ್ತ್ರಿಯಾಗುತ್ತಿದ್ದವು. ಮುಂಜಾನೆ ಜಳಕಕ್ಕೆ ಸರದಿ, ಸರದಿ ತಪ್ಪಿಸಿದವರಿಗೆ ತಣ್ಣೀರು. ಶಾಲೆಯ ಗಂಟೆ ಹತ್ತಕ್ಕೆ. ಎಂಟೂವರೆಗೇ ಮೂವರೂ ತಲೆ ಬಾಚಿಕೊಂಡು ಹೊಸ್ತಿಲಲ್ಲಿ ನಿಂತಿರುತ್ತಿದ್ದರು. "ಬಿಟ್ಟು ಬರ್ತೇನಿ ಯವ್ವಾ" ಎಂದು ಪಾರ್ವತಿ ಅವರ ಜೊತೆ ಹೊರಟರೆ, ತಿರುಗಿ ಬರುವುದು ಹತ್ತರ ಗಂಟೆ ಬಾರಿಸಿದ ಮೇಲೆ.

ಶಾಲೆ ಇರುವುದು ಎರಡು ಓಣಿಯಾಚೆ. ಪಾರ್ವತಿಯದು ನೀಟಾದ ಜಡೆ, ಬಿಟ್ಟು ಬರಲು ದಿನಾ ಒಂದೂವರೆ ತಾಸು! ಗುರುಲಿಂಗವ್ವನ ಕಿವಿ ನೆಟ್ಟಗಾದವು. ಕಿರಿಯ ಮಗನಿಗೆ ಬೆಲ್ಲ ಕೊಟ್ಟು ಕೇಳಿದಳು. ಅವನು ಬೆಲ್ಲವನ್ನೆಲ್ಲ ತಿಂದು "ಅಕ್ಕ ಹೇಳಬ್ಯಾಡ ಅಂದಾಳ" ಎಂದ. ಪಕ್ಕದ ಮನೆಯ ರಂಜಾನಬಿ "ಏನೂ ಇರಂಗಿಲ್ಲ ಬಿಡ ಗುರುಲಿಂಗಕ್ಕ, ಕೂಸದು" ಎಂದರೆ, ಇವಳಿಗೂ ಏನೋ ಗೊತ್ತಿರಬೇಕೆಂದು ಅವಳ ಮೇಲೂ ಕಣ್ಣು ಬಿತ್ತು.

"ಯಾವನರ ಹುಡುಗನ ಕೂಡ ಮಾತಾಡ್ತಾಳ ಅಂದ್ರ ಈ ಬ್ಯಾಸಗಿ ದಾಟಗೊಡಂಗಿಲ್ಲ. ಹುನಗುಂದದ ನಮ್ಮಣ್ಣನ ಮಗಗ ಕೊಟ್ಟ ಬಿಡ್ತೇನಿ" ಎಂದು ಒಳಗಿದ್ದ ಪಾರ್ವತಿಗೂ ಕೇಳುವಂತೆ ಗಂಡನ ಮುಂದೆ ಗಟ್ಟಿಯಾಗಿಯೇ ಹೇಳಿದಳು.

ಶಂಕ್ರಪ್ಪ ಲಾಳಿ ನಿಲ್ಲಿಸಿ, "ಮೊದಲ ನೋಡಕೊಂಡ ಬಾ" ಎಂದ.

ಮರುದಿನ ಸೆರಗು ಹಣೆಯ ತನಕ ಎಳೆದುಕೊಂಡು ಮಕ್ಕಳು ಹೊರಟ ಸ್ವಲ್ಪ ಹೊತ್ತಿಗೆ ಹಿಂದೆಯೇ ಹೋದಳು. ಶಾಲೆಯ ಅಂಗಳದಲ್ಲಿ ಕಿರಿಯರು ಮೂವರೂ ಆಡುತ್ತಿದ್ದರು. ಪಾರ್ವತಿ ಎಲ್ಲೂ ಇಲ್ಲ. ಗುರುಲಿಂಗವ್ವ ಶಾಲೆಯ ಹಿಂದಕ್ಕೆ ಸುತ್ತು ಹಾಕಿದಳು. ಅಲ್ಲಿ ಕಟ್ಟೆಯ ಮೇಲೆ ಏಳನೇ ತರಗತಿಗೆ ಕಲಿಸುವ ಜೋಹರಾ ಅಕ್ಕೋರು ಕೂತಿದ್ದರು. ಎದುರಿಗೆ ಪಾರ್ವತಿ, ತೊಡೆಯ ಮೇಲೆ ಗಣಿತದ ಪುಸ್ತಕ.

ಅವ್ವನನ್ನು ಕಂಡದ್ದೇ ಹುಡುಗಿ ಎದ್ದಳು. ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ಪುಸ್ತಕ ಮುಚ್ಚಿ ಅಕ್ಕೋರ ಕೈಗೆ ಕೊಟ್ಟು, "ನಡಿ ಯವ್ವಾ, ಕಂಡಿಕಿ ಸುತ್ತೂದೈತಿ" ಎಂದಳು.

"ಅವ್ವಾರ, ಹಾಜರಿ ಪುಸ್ತಕದಾಗಿಂದ ಇಕಿ ಹೆಸರ ಇನ್ನೂ ತಗದಿಲ್ರಿ ನಾ" ಎಂದರು ಜೋಹರಾ ಅಕ್ಕೋರು. "ಪರೀಕ್ಷಾಕ್ಕ ಕುಂದ್ರಸ್ರಿ, ಪಾಸಾಗ್ತಾಳ."

ಊರೆಲ್ಲದರ ಮೇಲೆ ಸಂಶಯಪಟ್ಟ ಗುರುಲಿಂಗವ್ವನಿಗೆ, ಮಗಳಿಗೆ ಓದುವ ಆಸೆ ಇರಬಹುದೆಂಬ ಅನುಮಾನ ಮಾತ್ರ ಒಮ್ಮೆಯೂ ಬಂದಿರಲಿಲ್ಲ.

ಮರುದಿನ ನಸುಕಿನಲ್ಲಿ ತಾನೇ ಎದ್ದಳು. ಹಂಡೆಗೆ ಉರಿ ಹಚ್ಚಿ, ಕಂಡಿಕೆ ಸುತ್ತಿಟ್ಟು, ನಾಲ್ವರಿಗೂ ರೊಟ್ಟಿ ಕಟ್ಟಿದಳು. "ನೀನೂ ಸಂಜಿತನಕ ಸಾಲ್ಯಾಗ ಇರವಾ" ಎಂದು ಪಾರ್ವತಿಯ ಕೈಗೆ ಗಂಟು ಕೊಟ್ಟಳು.

ಹುಡುಗಿ ಗಂಟು ಬಿಚ್ಚಿ ನೋಡಿದಳು. ಆಮೇಲೆ ಅವ್ವನ ಮುಖ ನೋಡಿದಳು.

"ಇವತ್ತ ಹುನಗುಂದದಿಂದ ಲಗ್ನದ ಮಾತಿಗೆ ಯಾರರ ಬರೂರದಾರೇನ?"

"ಯಾರೂ ಬರಂಗಿಲ್ಲ. ಹೋಗವಾ" ಎಂದಳು ಗುರುಲಿಂಗವ್ವ.

ಪಾರ್ವತಿ ಹೋದಳು. ಓಣಿಯ ತಿರುವಿನ ತನಕ ಮೂರು ಸಲ ಹಿಂತಿರುಗಿ, ಅವ್ವ ಮತ್ತೆ ಮನೆಗೆ ಕರೆದೊಯ್ಯಲು ಬರುತ್ತಿದ್ದಾಳೇನೋ ಎಂದು ನೋಡಿದಳು.