ಉಗಿ ಕಾಯ್ದ ಫಕ್ಕೀರಪ್ಪಣ್ಣ

ಎಲ್ಲಿಯಾದರೂ ಉಗಿ ಸೋರುವ ಸದ್ದು ಕೇಳಿಸಿದರೆ ಫಕ್ಕೀರಪ್ಪಣ್ಣ ಊಟದ ಮುಂದಿನಿಂದಲೂ ಎದ್ದುಬಿಡುತ್ತಿದ್ದ. ಕೈಯಲ್ಲಿ ರೊಟ್ಟಿ ಹಾಗೇ ಇರುತ್ತಿತ್ತು. ರಾಯಾಪುರದ ನಮ್ಮ ಬಾಡಿಗೆ ಮನೆಗೆ ಒಮ್ಮೆ ಊಟಕ್ಕೆ ಕರೆದಿದ್ದೆ. ಕುಕ್ಕರ್ ಸೀಟಿ ಹೊಡೆದದ್ದೇ ತಡ, ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು ನನ್ನ ಹೆಂಡತಿಗೆ, "ತಂಗಿ, ಕುದಿ ಬಂದ ಮ್ಯಾಲೆ ಉರಿ ಸಣ್ಣ ಮಾಡವಾ. ಅದು ಒದರೂದು ಅನ್ನ ಬೇಯಾಕಲ್ಲ, ನಿನ್ನ ಗ್ಯಾಸ್ ಹಾಳಾಗಾಕತ್ತೇತಿ ಅಂತ ಹೇಳಾಕ" ಎಂದ. ಆಕೆ ನಕ್ಕಳು. ನಕ್ಕರೂ ಅಂದಿನಿಂದ ಉರಿ ಸಣ್ಣ ಮಾಡುತ್ತಾಳೆ.

ತೊಂಬತ್ತರ ದಶಕದ ಕೊನೆಯ ಮಾತು. ತಾರಿಹಾಳದಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ನಾನು ಹೊಸ ಸೂಪರ್‌ವೈಸರ್, ಆತ ಬಾಯ್ಲರಿಗೆ ಕಲ್ಲಿದ್ದಲು ಹಾಕುವವ. ಎರಡು ಬಾಯ್ಲರ್, ಇಬ್ಬರು ಕೆಲಸಗಾರರು. ಇಬ್ಬರಲ್ಲಿ ವಯಸ್ಸಾದವ ಈತ. ಬಣ್ಣದ ಯಂತ್ರಗಳನ್ನು ಕಾಯಿಸಿದ ಉಗಿ ತಣಿದು, ಕೈ ಸುಡುವಷ್ಟು ಬಿಸಿಯಾದ ಶುದ್ಧ ನೀರಾಗಿ ಹೊರಬರುತ್ತಿತ್ತು. ಅದನ್ನು ಗಟಾರಕ್ಕೆ ಬಿಟ್ಟು, ಬಾಯ್ಲರಿಗೆ ತಣ್ಣೀರು ತುಂಬಿ, ಮತ್ತೆ ಕಾಯಿಸುತ್ತಿದ್ದೆವು. ಇದು ಶುದ್ಧ ಹುಚ್ಚುತನವೆಂದು ಡಿಪ್ಲೊಮಾ ಓದಿದ ನನಗೆ ಹೊಳೆದಿರಲಿಲ್ಲ.

"ಸಾಹೇಬ್ರ, ಕಾಸಿದ ಹಾಲು ಚೆಲ್ಲಿ ಹಸಿ ಹಾಲು ಕಾಸಾಕತ್ತೀರಿ. ಮನ್ಯಾಗ ಹಿಂಗ ಮಾಡಿದ್ರ ಅವ್ವ ಬಿಡ್ತಾಳೇನ್ರಿ?" ಎಂದು ಆತನೇ ಕಣ್ಣು ತೆರೆಸಿದ.

ಮಾಲಕನಿಗೆ ಹೇಳಿದೆವು. "ನಡದಂಗ ನಡೀಲಿ ಬಿಡ್ರಿ" ಎಂದ. ಫಕ್ಕೀರಪ್ಪಣ್ಣ ಬಿಡಲಿಲ್ಲ. ಗುಜರಿಗೆ ಹಾಕಿದ್ದ ಪೈಪುಗಳನ್ನು ಆರಿಸಿ, ರಜೆಯ ದಿನಗಳಲ್ಲಿ ಬಂದು, ವೆಲ್ಡರನ ಕೈಕಾಲು ಹಿಡಿದು, ಬಿಸಿನೀರು ಬಾಯ್ಲರಿನ ತೊಟ್ಟಿಗೇ ಮರಳುವಂತೆ ಮಾಡಿದ. ಶಾಖ ಸೋರದಿರಲೆಂದು ಬರಿಮೈಯ ಉಗಿ ಪೈಪುಗಳಿಗೆ ಹೊಟ್ಟು ಕಲಸಿದ ಕೆಮ್ಮಣ್ಣು ಮೆತ್ತಿ, ಮೇಲೆ ಗೋಣಿತಟ್ಟು ಸುತ್ತಿದ. ಆತನ ಊರಲ್ಲಿ ಒಲೆಗೆ ಹೀಗೆಯೇ ಮಣ್ಣು ಮೆತ್ತುತ್ತಿದ್ದರಂತೆ.

"ಕಾರ್ಖಾನಿ ಹೋಗಿ ದನದ ಕೊಟ್ಟಿಗಿ ಆತಲ್ಲೋ" ಎಂದು ಮಾಲಕ ಮೂಗು ಮುರಿದ.

"ಧಣ್ಯಾರ, ಛಂದ ನೋಡಬ್ಯಾಡ್ರಿ. ಕೈ ಇಟ್ಟ ನೋಡ್ರಿ, ಹೆಂಗ ತಣ್ಣಗೈತಿ."

ವರ್ಷ ತುಂಬುವುದರೊಳಗೆ ಎರಡನೇ ಬಾಯ್ಲರ್ ಹೊತ್ತಿಸುವ ಅಗತ್ಯವೇ ಬೀಳಲಿಲ್ಲ. ಆಗ ಮಾಲಕನಿಗೆ ಎಚ್ಚರವಾಯಿತು. ಇಂಧನ ಉಳಿಸಿದ ಕಾರ್ಖಾನೆಗಳಿಗೆ ಪ್ರಶಸ್ತಿ ಕೊಡುವ ಸಮಿತಿಯೊಂದನ್ನು ಕರೆಸಿದ. ಬಂದವರಲ್ಲಿ ಒಬ್ಬರು ಚಿಮಣಿ ತೋರಿಸಿ, ಇಂಗಾಲದ ಡೈಆಕ್ಸೈಡ್ ಎಂಬ ಕಣ್ಣಿಗೆ ಕಾಣದ ಅನಿಲದಿಂದ ಭೂಮಿ ಬಿಸಿಯಾಗುತ್ತಿದೆ ಎಂದು ಫಕ್ಕೀರಪ್ಪಣ್ಣನಿಗೆ ವಿವರಿಸಿದರು.

"ಹೊಗಿ ಕಾಣಲಿಲ್ಲಂದ್ರೂ ಅದು ಹೊಂಟಿರತೈತೇನ್ರಿ?"

"ಹೌದು."

ಆತ ಚಿಮಣಿಯ ಬಾಯಿಯತ್ತ ಕತ್ತೆತ್ತಿದ. "ಹಂಗಾರ ಇದ್ದಲಿ ಕಡಿಮಿ ಸುಡೂದೊಂದ ಹಾದಿ. ನಾ ಅದನ್ನ ಬಡಕೋಳಾಕತ್ತು ಹತ್ತ ವರ್ಷ ಆತು" ಎಂದ. ಅವರು ನಕ್ಕು ಬರೆದುಕೊಂಡರು.

ಪ್ರಶಸ್ತಿಯ ಅರ್ಜಿ ತುಂಬಿದವನು ನಾನು. ಈ ಕೆಲಸ ಮಾಡಿದವರು ಯಾರು ಎಂಬಲ್ಲಿ ಮಾಲಕ ತನ್ನ ಹೆಸರು ಬರೆಸಿದ. ಹೇಳಿದಂತೆಯೇ ಬರೆದೆ. ಕೊನೆಯಲ್ಲಿ 'ಇತರ ಉಳಿತಾಯ' ಎಂಬ ಖಾನೆಯೊಂದು ಖಾಲಿ ಉಳಿಯಿತು. ಖಾಲಿ ಬಿಟ್ಟರೆ ಅಂಕ ಹೋದಾವೆಂಬ ದರಿದ್ರ ಜಾಣತನದಲ್ಲಿ, 'ಎರಡನೇ ಬಾಯ್ಲರ್ ನಿಂತಿದ್ದರಿಂದ ಒಬ್ಬ ಕೆಲಸಗಾರನ ಉಳಿತಾಯ' ಎಂದು ಗೀಚಿದೆ. ಆ ಒಬ್ಬ ಯಾರೆಂದು ಯೋಚಿಸಲೂ ಇಲ್ಲ.

ಧಾರವಾಡದ ಸಭಾಂಗಣವೊಂದರಲ್ಲಿ, ಮೈ ನಡುಗುವಷ್ಟು ಏಸಿ ಹಾಕಿಕೊಂಡು, ಇಂಧನ ಉಳಿತಾಯದ ಪ್ರಶಸ್ತಿ ಕೊಟ್ಟರು. ಮಾಲಕ ಶಾಲು ಹೊದ್ದು ಭೂಮಿತಾಯಿಯ ಬಗ್ಗೆ ಮಾತಾಡಿದ. ಜನ ಚಪ್ಪಾಳೆ ತಟ್ಟಿದರು. ಫಕ್ಕೀರಪ್ಪಣ್ಣನ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ಮರುವಾರ, ಇಬ್ಬರಲ್ಲಿ ವಯಸ್ಸಾದವನೆಂದು ಆತನ ಕೈಗೆ, ಇನ್ನು ಕೆಲಸಕ್ಕೆ ಬರಬೇಡವೆಂಬ ಪತ್ರ ಕೊಟ್ಟರು.

ಮಾಲಕನ ಕೋಣೆಗೆ ನುಗ್ಗಿ ಕೂಗಾಡಿದೆ. ಅವನು ಅರ್ಜಿಯ ಪ್ರತಿ ತೆಗೆದು 'ಇತರ ಉಳಿತಾಯ'ದ ಖಾನೆಯ ಮೇಲೆ ಬೆರಳಿಟ್ಟ. "ನೀವ ಬರದೀರಲ್ಲ. ನಾ ಏನ್ ಹೊಸಾದ ಮಾಡೇನಿ?" ಅಕ್ಷರ ನನ್ನದೇ. ಆ ನಾಚಿಕೆಗೆಟ್ಟವನನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಅಷ್ಟಾದರೂ ಅವನ ಕೈಕೆಳಗೇ ದುಡಿದ ನನ್ನನ್ನು ನೆನೆದರೆ ಇನ್ನೂ ಹೆಚ್ಚು.

ಎರಡು ವರ್ಷದ ಮೇಲೆ ಧೈರ್ಯ ಮಾಡಿ ಹುಡುಕಿಕೊಂಡು ಹೋದೆ. ಅಮರಗೋಳದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಚೀಲ ಹೊಲಿಯುತ್ತ ಕುಳಿತಿದ್ದ. "ಬರ್ರಿ ಸಾಹೇಬ್ರ, ಕುಂಡ್ರಿ" ಎಂದು ಪಕ್ಕದಲ್ಲಿ ಗೋಣಿತಟ್ಟು ಹಾಸಿದ. ಅರ್ಜಿಯಲ್ಲಿ ಆ ಸಾಲು ಬರೆದವನು ನಾನೇ ಎಂದು ಹೇಳಿದೆ.

"ಗೊತ್ತೈತ್ರಿ" ಎಂದ. ದಬ್ಬಣ ನಿಲ್ಲಲಿಲ್ಲ. "ಭಾಳ ಸಿಟ್ಟಿತ್ತು. ಆಮ್ಯಾಲ ಅನ್ಕೊಂಡೆ, ನಾ ಹೋದ್ರ ಹೋಗ್ಲಿ, ಒಂದು ಬಾಯ್ಲರ್ ಆದ್ರೂ ಆರಿತಲ್ಲ. ಅಷ್ಟ ಹೊಗಿ ಕಡಿಮಿ ಆತಲ್ಲ. ಆ ಬಾಯ್ಲರ್ ಇನ್ನೂ ಆರೇ ಐತಲ್ರೀ?"

ಸುಳ್ಳು ಹೇಳಬೇಕೆಂದಿದ್ದೆ, ಆಗಲಿಲ್ಲ. ಬಿಸಿನೀರಿನ ಪೈಪು ತೂತು ಬಿದ್ದಿದ್ದು, ಅದನ್ನು ನೋಡುವವರೇ ಇಲ್ಲದೆ ನೀರು ಮತ್ತೆ ಗಟಾರಕ್ಕೆ ಹರಿಯುತ್ತಿರುವುದು, ಎರಡನೇ ಬಾಯ್ಲರ್ ಹೊತ್ತಿ ಆರು ತಿಂಗಳಾಗಿದ್ದು, ಎಲ್ಲ ಹೇಳಿದೆ.

ದಬ್ಬಣ ನಿಂತಿತು.

"ಹಂಗಾರ ನನ್ನ ಯಾಕ ತಗದ್ರಿ?"

ಆತ ಚೀಲವನ್ನು ತನ್ನ ಕಡೆ ಎಳೆದುಕೊಂಡ.

"ಹೋಗ್ರಿ ಇನ್ನ" ಎಂದ.