ಎತ್ತಿನ ಹೆಜ್ಜೆಗೆ ಕೂತ ಠೇಕಾ

ನನ್ನ ಮೊಮ್ಮಗಳಿಗೆ ಇವತ್ತು ತಬಲಾ ಮಾಸ್ತರರು ಹೊಸ ಪಾಠ ಕೊಟ್ಟರು! ಎಂಟು ತಿಂಗಳಿಂದ ಒಂದೇ ಪಾಠದ ಮೇಲೆ ನಿಂತುಬಿಟ್ಟಿದ್ದ ಹುಡುಗಿ ಕೊನೆಗೂ ಮುಂದಕ್ಕೆ ಹೋದಳು. ಹುಬ್ಬಳ್ಳಿಯಿಂದ ಕುಂದಗೋಳದ ಬಸ್ಸು ಹತ್ತಿದವನು ಕಂಡಕ್ಟರನಿಗೂ ಹೇಳಿದೆ, ಬಾಜೂಕ್ಕೆ ಕೂತ ಗುರುತಿಲ್ಲದ ಹೆಣ್ಣುಮಗಳಿಗೂ ಹೇಳಿದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೂ ಇದನ್ನು ಬರೆದಿಡದೆ ಇರಲಾರೆ.

ಅವಳು ಈಗ ಒಂಬತ್ತನೇ ಇಯತ್ತೆ. ಮೊದಲ ಎರಡು ವರ್ಷ ತಬಲಾ ಭರಭರ ಕಲಿತಳು. ಆಮೇಲೆ ಕೆಸರಿನಲ್ಲಿ ಗಾಡಿ ಹೂತ ಹಾಗಾಯಿತು. ಠೇಕಾ ಎಂದರೆ ತಾಳದ ಒಂದು ಸುತ್ತು. ಹಿಡಿದ ವೇಗದಲ್ಲೇ ಅದನ್ನು ಕೊನೆತನಕ ಬಾರಿಸಬೇಕು. ಇವಳದು ನಡಿಗೆಯಲ್ಲಿ ಶುರುವಾಗಿ ಓಟದಲ್ಲಿ ಮುಗಿಯುತ್ತಿತ್ತು. ಮಾಸ್ತರರು ಪ್ರತಿ ಭಾನುವಾರ ಅದೇ ಮಾತು ಹೇಳುತ್ತಿದ್ದರು: “ಲಯ ಓಡಾಕತ್ತೈತಿ. ಅದು ನಿಲ್ಲೂತನಾ ಹೊಸಾ ಪಾಠ ಇಲ್ಲ.”

ನಾನೇನು ಬಿಡುವವನೇ? ನಲವತ್ತು ವರ್ಷ ಸೋಮವಾರದ ಭಜನೆಯಲ್ಲಿ ತಾಳ ಹಾಕಿದ ಕೈ ಇದು. ದಿನಾ ಬೆಳಗ್ಗೆ ಹಿತ್ತಾಳೆಯ ತಾಳ ಹಿಡಿದು ಅವಳ ಎದುರು ಕೂತು ಅಭ್ಯಾಸ ಮಾಡಿಸಿದೆ. ಅವಳ ಬೆರಳು ಬಾತವು, ಪಾಠ ಮಾತ್ರ ಅಲ್ಲೇ ಇತ್ತು. ಒಂದಿನ ತಬಲಾಕ್ಕೆ ಅರಿವೆ ಸುತ್ತಿ ಅಟ್ಟಕ್ಕೆ ಏರಿಸಿದಳು.

“ನನಗ ಇದು ಬರಂಗಿಲ್ಲಜ್ಜಾ. ಬಿಡ್ತೀನಿ.”

ಬಿಡುವುದಾದರೆ ಮಾಸ್ತರರ ಮುಂದೆ ಹೇಳಿ ಬಿಡು ಎಂದು ನಾನೇ ಕರೆದುಕೊಂಡು ಹೋದೆ. ಅವರು ಎಲ್ಲ ಕೇಳಿ, “ಮನ್ಯಾಗ ತಾಳ ಯಾರ ಹಾಕ್ತಾರ?” ಎಂದರು.

“ನಾನ ರೀ,” ಎಂದೆ ಎದೆಯುಬ್ಬಿಸಿ.

ಫೋನಿನಲ್ಲಿ ಒಂದೇ ವೇಗದಲ್ಲಿ ನುಡಿಯುವ ಹಾರ್ಮೋನಿಯಂ ಪೇಟಿ ಹಚ್ಚಿ, ನನ್ನ ಕೈಗೆ ತಾಳ ಕೊಟ್ಟರು. ಹಾಕಿದೆ. ಸ್ವಲ್ಪ ಹೊತ್ತಿಗೆ ನಾನು ಒಂದು ಕಡೆ, ಪೇಟಿ ಒಂದು ಕಡೆ.

“ನಿಮ್ಮ ಫೋನು ಹಿಂದ ಬೀಳಾಕತ್ತೈತಿ ನೋಡ್ರಿ.”

ಮಾಸ್ತರರು ನಕ್ಕರು. “ಫೋನು ಬರೋಬರಿ ಐತ್ರಿ ಅಜ್ಜಾರ. ನಿಮಗ ಬಸ್ಸಿಗೆ ಹೊತ್ತಾಗೈತೇನು?”

ಆಗ ತಿಳಿಯಿತು. ನಮ್ಮ ಭಜನೆ ಮೆಲ್ಲಗೆ ಶುರುವಾಗಿ ಏರುತ್ತ ಏರುತ್ತ ಎಲ್ಲರನ್ನೂ ಎಬ್ಬಿಸಿ ಕುಣಿಸುತ್ತದೆ. ಅದರ ರುಚಿಯೇ ಅದು. ಆ ಓಟವನ್ನು ನಾನು ದಿನಾ ಬೆಳಗ್ಗೆ ಈ ಕೂಸಿನ ಕೈಗೆ ಹತ್ತಿಸುತ್ತಿದ್ದೆ. ತಪ್ಪು ಅವಳದಲ್ಲ, ನನ್ನದು.

ಬಸ್ಸಿನಲ್ಲಿ ನನ್ನ ಮುಖ ನೋಡಿ ಅವಳೇ ಸಮಾಧಾನ ಮಾಡಿದಳು. “ತಬಲಾ ನಾ ಬಿಡ್ತೀನಜ್ಜಾ, ನೀ ತಾಳ ಬಿಡಬ್ಯಾಡ.”

“ಸುಮ್ನಿರಬೇ! ಯಾರೂ ಏನೂ ಬಿಡೂದಿಲ್ಲ.”

ಮೆಣಸಿನ ಹೊಲದಲ್ಲಿ ಕುಂಟೆ ಹೊಡೆದು ಕಳೆ ತೆಗೆಯುವ ದಿನಗಳವು. ಮರುದಿನ ಎತ್ತುಗಳ ಹಿಂದೆ ಹೋಗುತ್ತಿದ್ದಾಗ ಹೊಳೆಯಿತು. ಸಾಲಿನ ನಡುವೆ ಅವಸರ ಮಾಡಿದರೆ ಕಳೆಯ ಜೊತೆ ಮೆಣಸಿನ ಗಿಡವೂ ಹೋಗುತ್ತದೆ. ಇಲ್ಲಿ ನಾನು ಎಂದೂ ಅವಸರ ಮಾಡಿದವನಲ್ಲ! ಅವಳನ್ನು ಕರೆದೆ.

“ನನ್ನ ಬಾಜೂಕ ನಡಿ. ಬಾಯಿಲೆ ಠೇಕಾ ಹೇಳು. ಎತ್ತಿನ ಒಂದ ಹೆಜ್ಜಿಗೆ ಒಂದ ಬೋಲು.”

“ಧಾ ಧಿಂ ಧಿಂ ಧಾ” ಎನ್ನುತ್ತ ಇಬ್ಬರೂ ನಡೆದೆವು. ಅರ್ಧ ಸಾಲು ದಾಟುವುದರೊಳಗೆ ನಮ್ಮ ಬಾಯಿ ಓಡತೊಡಗಿತು. ಎತ್ತುಗಳಿಗೆ ಭಜನೆಯ ಹುಚ್ಚಿಲ್ಲ, ಅವು ತಮ್ಮ ಪಾಡಿಗೆ ನಡೆದವು. ನಾವೇ ಹಿಂದಕ್ಕೆ ಬಂದು ಅವುಗಳ ಹೆಜ್ಜೆ ಹಿಡಿದೆವು. ಬುತ್ತಿ ತಂದ ನನ್ನ ಹೆಂಡತಿ ಬದುವಿನ ಮೇಲೆ ನಿಂತು, “ಮೆಣಸಿನಗಿಡಕ್ಕ ತಬಲಾ ಕಲಸಾಕತ್ತೀರೇನು?” ಎಂದು ಹೊಟ್ಟೆ ಹಿಡಿದು ನಕ್ಕಳು. ನಗಲಿ. ತಬಲಾ ಅಟ್ಟದಿಂದ ಇಳಿಯಿತು. ಹೊಲದಿಂದ ಬಂದು ಕೈಕಾಲು ತೊಳೆದವಳೇ ಅದೇ ನಡಿಗೆಯಲ್ಲಿ ಬಾರಿಸುತ್ತಿದ್ದಳು. ನಾನು ತಾಳ ಮುಟ್ಟದೆ ಬರೀ ಕೇಳುತ್ತಿದ್ದೆ. ಕುಂಟೆಯ ಕೆಲಸ ಮುಗಿದ ಮೇಲೂ ಆ ಹೆಜ್ಜೆ ಅವಳೊಳಗೆ ಉಳಿಯಿತು.

ಇವತ್ತು ಮಾಸ್ತರರು ಕಣ್ಣು ಮುಚ್ಚಿ ಅರ್ಧ ತಾಸು ಕೇಳಿದರು. ನನ್ನ ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದೆ. ಲಯ ಕೂದಲೆಳೆಯಷ್ಟೂ ಕದಲಲಿಲ್ಲ. ಮಾಸ್ತರರು ಕಣ್ಣು ತೆರೆದು, “ಪುಸ್ತಕಾ ತಗೀವಾ, ಮುಂದಿಂದು ಬರಕೋ,” ಎಂದರು. ನಾನೇ ಪಾಸಾದವನ ಹಾಗೆ ಅವರ ಕೈ ಹಿಡಿದು ಅಲುಗಾಡಿಸಿಬಿಟ್ಟೆ.

ಸಂಜೆ ಸೊಸೆ ಗೋಧಿ-ಬೆಲ್ಲದ ಸಿಹಿ ಮಾದ್ಲಿ ಮಾಡಿದಳು, ಮೇಲೆ ಬಿಸಿ ಹಾಲು, ತುಪ್ಪ. ಮಗನೂ ಬಂದ. ಐದೂ ಮಂದಿ ಪಡಸಾಲೆಯಲ್ಲಿ ಸಾಲಾಗಿ ಕೂತು ಉಂಡೆವು. ಹುಡುಗಿ ಎಡಗೈಯಿಂದ ತಾಟಿನ ಅಂಚಿಗೆ ಹೊಸ ಪಾಠ ಬಡಿಯುತ್ತಲೇ ಇದ್ದಳು. ಬೇರೆ ದಿನವಾಗಿದ್ದರೆ ಅವರವ್ವ ಬೈಯುತ್ತಿದ್ದಳು. ಇವತ್ತು, “ಮೊದಲ ಉಣ್ಣ, ಆರತೈತಿ,” ಎಂದು ಅವಳ ತಾಟಿಗೆ ಇನ್ನೊಂದು ಚಮಚ ತುಪ್ಪ ಹಾಕಿದಳು.