ಗುಡ್ಡದ ಕೆರೆಯಲ್ಲಿ ಮುಳುಗಿದ್ದು ಯಾರು

ಕೆರೆಯಲ್ಲಿ ಮುಳುಗಿದವಳು ನನ್ನ ನಾದಿನಿ ಅಲ್ಲ. ಮುಳುಗಿದವನು, ಅವಳನ್ನು ಉಳಿಸಿದೆ ಎಂದು ಸಾಯುವತನಕ ಹೇಳಿಕೊಂಡು ತಿರುಗಿದ ಬೀಗರ ಕಡೆಯ ಹಿರಿಯ. ಅವನನ್ನು ಎಳೆದು ದಂಡೆಗೆ ಹಾಕಿದವಳು ಅವಳು. ನಾನು ಅಲ್ಲೇ ಇದ್ದೆ, ಸೊಂಟದಮಟ ನೀರಿನಲ್ಲಿ ನಿಂತು ಅವನ ಕೈ ಹಿಡಿದು ಜಗ್ಗಿದೆ. ಇದನ್ನು ಅವತ್ತೂ ಹೇಳಿದೆ, ಆಮೇಲೂ ಹೇಳಿದೆ. ಯಾರೂ ನಂಬಲಿಲ್ಲ. ನಾನು ಓದಿದ್ದು ಮೂರನೇ ಇಯತ್ತೆ. ಬರೆದರಾದರೂ ನಂಬುತ್ತಾರೋ ನೋಡೋಣ ಎಂದು ಬರೆಯುತ್ತಿದ್ದೇನೆ.

ನನ್ನ ತವರು ತಂಗಡಗಿ. ಮನೆಯ ಹಿತ್ತಲು ದಾಟಿದರೆ ಕೃಷ್ಣಾ ಹೊಳೆ. ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿ ಅಪ್ಪ ನನ್ನನ್ನು ನೀರಿಗೆ ಬಿಟ್ಟಾಗ ನನಗೆ ಹಾಲುಹಲ್ಲು ಬಿದ್ದಿರಲಿಲ್ಲ. ಕೊಟ್ಟದ್ದು ಮಾತ್ರ ಬಸವನ ಬಾಗೇವಾಡಿ ಕಡೆಯ ಕಲ್ಲಿನ ಊರಿಗೆ. ಅಲ್ಲಿ ಬಾವಿಯ ನೀರು ಸೇದಿ ಸೇದಿ ಅಂಗೈ ಗಂಟುಗಟ್ಟಿತು. ಈಸುವ ನೀರು ಎಂದರೆ ಒಂದೇ, ಗುಡ್ಡದ ಕೆರೆ. ಊರಿನಿಂದ ಗುಡ್ಡ ಹತ್ತಿ, ಎರಡು ದಿಬ್ಬಗಳ ನಡುವೆ ಇಳಿದರೆ ಸಿಗುತ್ತಿತ್ತು. ಒಂದು ಕಡೆ ಕಲ್ಲಿನ ಏರಿ, ನಡುವೆ ಒಂದು ಕರಿ ಬಂಡೆ. ಮಳೆ ಆದ ವರ್ಷ ಬಂಡೆಯ ನೆತ್ತಿ ಮಾತ್ರ ಕಾಣುತ್ತಿತ್ತು. ಆಗದ ವರ್ಷ ಇಡೀ ಬಂಡೆ ಎಮ್ಮೆಯ ಹಾಗೆ ಬಯಲಲ್ಲಿ ನಿಂತಿರುತ್ತಿತ್ತು.

ನಾದಿನಿ ಸೈಕಲ್ ಕಲಿತದ್ದು ಆ ಕೆರೆಯ ಹೊಟ್ಟೆಯಲ್ಲೇ. ಎಪ್ಪತ್ತರ ದಶಕದ ದೊಡ್ಡ ಬರದಲ್ಲಿ ಕೆರೆ ಬತ್ತಿ ನೆಲ ಗಟ್ಟಿಯಾಗಿತ್ತು. ನಾವಿಬ್ಬರೂ ಕಟ್ಟಿಗೆ ತರಲು ಗುಡ್ಡಕ್ಕೆ ಹೋಗುವಾಗ, ಹೊರೆ ಹೇರಿಕೊಂಡು ಬರುತ್ತೇವೆ ಎಂದು ನನ್ನ ಗಂಡನ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದೆವು. ಅವಳು ಪರಕಾರ ಎತ್ತಿ ಕಟ್ಟಿ, ಸೈಕಲ್ಲಿನ ಅಡ್ಡ ದಂಡದ ಕೆಳಗೆ ಕಾಲು ತೂರಿಸಿ, ಕರಿ ಬಂಡೆಯ ಸುತ್ತ ತುಳಿಯುತ್ತಿದ್ದಳು. ಬಿದ್ದರೆ ನಗುತ್ತಿದ್ದಳು. ಮೊಣಕಾಲು ಕೆತ್ತಿದ್ದಕ್ಕೆ ಮನೆಯಲ್ಲಿ ಜಾಲಿಕಂಟಿ ಪರಚಿತು ಎಂದು ಹೇಳುತ್ತಿದ್ದಳು.

ಮರುವರ್ಷ ಮಳೆ ಬಂತು, ಕೆರೆ ತುಂಬಿತು. ಹೋದ ವರ್ಷ ಸೈಕಲ್ ತುಳಿದ ಜಾಗದ ಮೇಲೆ ಈಸಬೇಕು ಎಂದು ಅವಳು ಹಟ ಹಿಡಿದಳು. ನಾನು ಕಲಿಸಿದೆ. ಅದಕ್ಕೂ ಮನೆಯವರ ಕಣ್ಣು ತಪ್ಪಿಸಬೇಕಿತ್ತು, ಸಗಣಿಗೆ, ಹುಲ್ಲಿಗೆ ಎಂದು ಹೋಗುತ್ತಿದ್ದೆವು. ಕೈಕಾಲು ಬಡಿಯುವುದಕ್ಕಿಂತ ಮೊದಲು ಒಂದು ಮಾತು ಹೇಳಿಕೊಟ್ಟಿದ್ದೆ. ಮುಳುಗುವವರ ಎದುರಿಗೆ ಹೋಗಬೇಡ, ತಬ್ಬಿಕೊಂಡು ನಿನ್ನನ್ನೂ ಒಯ್ಯುತ್ತಾರೆ, ಹಿಂದಿನಿಂದ ಹೋಗಿ ದಂಡೆಗೆ ನೂಕು ಎಂದು. ಹುಡುಗಿ ಚುರುಕು. ಮೂರ್ನಾಲ್ಕು ಸಲಕ್ಕೇ ಬುರುಡೆ ಬಿಚ್ಚಿ ಒಗೆದಳು.

ನಮ್ಮ ಕಡೆ ಮಾನೌಮಿ ಹಬ್ಬ ಬಂತೆಂದರೆ ಮನೆಯ ಕೌದಿಗಳನ್ನೆಲ್ಲ ಕೆರೆಗೆ ಒಯ್ದು ಒಗೆಯಬೇಕು. ಹಳೆ ಸೀರೆಯ ಪದರು ಪದರು ಸೇರಿಸಿ ಹೊಲಿದ ಕೌದಿ ನೀರು ಕುಡಿದರೆ ಹೆಣಭಾರ. ಸವಳು ಮಣ್ಣು ಹಾಕಿ ಕಾಲಿನಲ್ಲಿ ತುಳಿಯಬೇಕು. ಆ ತುದಿಗೆ ಒಬ್ಬಳು, ಈ ತುದಿಗೆ ಒಬ್ಬಳು ನಿಂತು ಹುರಿ ಹೊಸೆದ ಹಾಗೆ ತಿರುವಿ ಹಿಂಡಬೇಕು. ಒಬ್ಬಳಿಂದ ಆಗುವ ಕೆಲಸ ಅಲ್ಲ. ಹಿಂಡಿ ಬಂಡೆಗಳ ಮೇಲೆ ಹರವಿದರೆ ಒಣಗುವತನಕ ಅಲ್ಲೇ ಕಾಯಬೇಕು. ವರ್ಷದಲ್ಲಿ ಆ ಒಂದು ದಿನ ಕೆರೆ ಹೆಂಗಸರದು. ಗಂಡಸರು ಚಕ್ಕಡಿಯಲ್ಲಿ ಕೌದಿ ಇಳಿಸಿ ತಿರುಗಿ ನೋಡದೆ ಹೋಗುತ್ತಿದ್ದರು. ಅತ್ತ ಹಾಯಲೇಬೇಕಾದ ಗಂಡಸು ದಿಬ್ಬದ ಆಚೆಯಿಂದಲೇ ಕೂಗಬೇಕು, ಸೈಕಲ್ ಇದ್ದರೆ ಗಂಟೆ ಬಾರಿಸಬೇಕು. ನಾವು ಸೀರೆ ಸರಿಮಾಡಿಕೊಂಡ ಮೇಲೆ ಅವನು ಬರಬೇಕು.

ಆ ವರ್ಷ ನಾದಿನಿಗೆ ಇಂಡಿ ಊರಿನ ಸಂಬಂಧ ಮಾತಾಗಿತ್ತು. ಅದಕ್ಕೂ ಮೊದಲು ಸಿಂದಗಿ ಕಡೆಯಿಂದ ಎರಡು ಬಂದು ಮುರಿದಿದ್ದವು. ಹುಡುಗಿ ಕಪ್ಪು, ಗಂಡಿಗಿಂತ ಎತ್ತರ ಎಂದರು. ಇದೂ ಮುರಿದರೆ ಹೆಂಡತಿ ಸತ್ತವನಿಗೆ ಎರಡನೇ ಸಂಬಂಧಕ್ಕೇ ಕೊಡಬೇಕಾಗುತ್ತದೆ ಎಂದು ಅತ್ತೆ ಊಟ ಬಿಟ್ಟಿದ್ದಳು. ಇಂಡಿಯ ಹುಡುಗನಿಗೆ ಬಾಡಿಗೆ ಸೈಕಲ್ ಅಂಗಡಿ. ಅದನ್ನು ಕೇಳಿದ ದಿನ ನಾದಿನಿ ಬೀಸುಕಲ್ಲಿನ ಮುಂದೆ ನನ್ನ ಕಿವಿಯಲ್ಲಿ ಹೇಳಿದ್ದಳು:

"ಅಂಗಡಿ ತುಂಬ ಸೈಕಲ್ ಅದಾವಂತ ವೈನಿ. ಒಂದರೆ ನನ್ನ ಪಾಲಿಗೆ ಬರೂದಿಲ್ಲೇನ?"

ಹುಡುಗನ ಸೋದರಮಾವನದೇ ಆ ಮನೆಯಲ್ಲಿ ಕೊನೆಯ ಮಾತು. ವೀಳ್ಯದ ದಿನ ಗೊತ್ತುಮಾಡಲು ಅವನು ಬರುವುದಿತ್ತು, ಯಾವತ್ತು ಎಂದು ಹೇಳಿ ಕಳಿಸಿರಲಿಲ್ಲ. ಬಂದದ್ದು ಕೌದಿ ಒಗೆಯುವ ದಿನವೇ. ಬಾಗೇವಾಡಿಯಲ್ಲಿ ಬಸ್ಸಿಳಿದು, ಬಾಡಿಗೆ ಸೈಕಲ್ ಹಿಡಿದು, ಹತ್ತಿರದ ದಾರಿ ಎಂದು ಗುಡ್ಡ ಹತ್ತಿದ್ದಾನೆ. ಜಾಲಿಮುಳ್ಳು ಚುಚ್ಚಿ ಗಾಲಿಯ ಗಾಳಿ ಹೋಗಿದೆ. ಸೈಕಲ್ ಹೆಗಲ ಮೇಲೆ ಹೊತ್ತು ಏದುಸಿರು ಬಿಡುತ್ತ ಬಂದವನು ಗಂಟೆ ಎಲ್ಲಿ ಬಾರಿಸಬೇಕು, ಎಲ್ಲಿ ಕೂಗಬೇಕು?

ಅತ್ತೆ ಮತ್ತು ನೆರೆಮನೆಯ ಇಬ್ಬರು ಹೆಂಗಸರು ರೊಟ್ಟಿಗಂಟು ಬಿಚ್ಚುತ್ತ ಬೇವಿನ ಮರದ ಕೆಳಗಿದ್ದರು. ಆ ದಿನ ಹುಡುಗಿಯರು ದಂಡೆಯಲ್ಲಿ ನೀರಾಡಿದರೆ ಅತ್ತೆ ಬೈಯುತ್ತಿರಲಿಲ್ಲ. ನಾನು ಕೊನೆಯ ಕೌದಿ ಹರವುತ್ತಿದ್ದೆ. ನಾದಿನಿ ಕಣ್ಣು ತಪ್ಪಿಸಿ ನಡುವಿನ ಬಂಡೆ ಮುಟ್ಟಿ ವಾಪಸು ಬರುತ್ತಿದ್ದಳು. ಏರಿಯ ಮೇಲೆ ನಿಂತವನಿಗೆ ಕಂಡದ್ದು ಕೆರೆಯ ನಡುವೆ ಒಂದು ತಲೆ, ಒಂದು ಕೈ. ಸೈಕಲ್ ಬಿಸಾಕಿದ, ಧೋತರ ಉಟ್ಟವನು ಉಟ್ಟ ಹಾಗೆಯೇ ಹಾರಿದ. ಮನಸ್ಸು ಕೆಟ್ಟದ್ದಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಅವನಿಗೆ ಈಸಲು ಬರುತ್ತಿರಲಿಲ್ಲ. ಏರಿಯ ಕೆಳಗೆ ಆಳ. ಧೋತರ ಕಾಲಿಗೆ ಸುತ್ತಿತು. ಒಮ್ಮೆ ಮೇಲೆ ಬಂದ, ಇನ್ನೊಮ್ಮೆ ಬಂದದ್ದು ಬರೀ ರುಮಾಲು.

ನಾನು ಓಡಿ ನೀರಿಗಿಳಿಯುವುದರೊಳಗೆ ನಾದಿನಿ ಅವನ ಬೆನ್ನ ಹಿಂದೆ ಬಂದಿದ್ದಳು. ಅಂಗಿಯ ಕೊರಳು ಹಿಡಿದಳು, ನೂಕಿದಳು, ಬಿಟ್ಟಳು, ಮತ್ತೆ ನೂಕಿದಳು. ನಾನು ಕಲಿಸಿದ ಹಾಗೆಯೇ. ದಂಡೆಗೆ ಹಾಕಿ ಬೋರಲು ಮಲಗಿಸಿದೆವು, ಕುಡಿದ ನೀರನ್ನೆಲ್ಲ ಕಾರಿದ. ನಡುಗುತ್ತಿದ್ದವನಿಗೆ ಅತ್ತೆ ಆಗಷ್ಟೇ ಒಣಗಿದ್ದ ಕೌದಿ ಹೊದಿಸಿದಳು. ಅವನ ಮೈಯ ಕೆಸರೆಲ್ಲ ಅದಕ್ಕೆ ಮೆತ್ತಿತು.

ಅವನಿಗೆ ಮಾತು ಬರುವ ಮೊದಲು ಅತ್ತೆ ಮಾತಾಡಿದಳು. ಬೀಗರ ಹಿರಿಯನನ್ನು ಮದುವೆಯಾಗದ ಹುಡುಗಿ ಕೊರಳು ಹಿಡಿದು ಎಳೆದಳು ಎಂದರೆ ಆ ಮನುಷ್ಯ ಮತ್ತೆ ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ. ಅತ್ತೆಗೆ ಅದು ಗೊತ್ತಿತ್ತು.

"ಹುಡುಗಿ ಜೀವಾ ಉಳಿಸಿದ್ರಿ ಯಪ್ಪಾ. ದೇವರು ಬಂದಂಗ ಬಂದ್ರಿ."

ಅವನು ಅತ್ತೆಯ ಮುಖ ನೋಡಿದ, ನಮ್ಮಿಬ್ಬರ ಮುಖ ನೋಡಿದ. ಕೌದಿಯನ್ನು ಕೊರಳತನಕ ಎಳೆದುಕೊಂಡ. ನೆರೆಮನೆಯವರು ತಲೆ ಆಡಿಸಿದರು. ನನಗೆ ತಡೆಯಲಾಗಲಿಲ್ಲ.

"ಆಕಿ ಮುಳುಗಿದ್ದಿಲ್ರಿ. ಆಕಿಗೆ ಈಸಾಕ ಬರ್ತೈತಿ. ಮುಳುಗಿದವರು ನೀವು."

"ಇಕಿ ಹೊಳಿದಂಡಿಯಾಕಿ ರೀ," ಎಂದು ಅತ್ತೆ ನಕ್ಕಳು. "ಕಲ್ಲು ನೀರಿಗೆ ಬಿದ್ರೂ ಇಕಿ ಕಣ್ಣಿಗೆ ಈಸಿದಂಗ ಕಾಣ್ತೈತಿ."

ಎಲ್ಲರೂ ನಾದಿನಿಯ ಕಡೆ ತಿರುಗಿದರು. ಅವಳ ಕೂದಲಿನಿಂದ ಇನ್ನೂ ನೀರು ಸೋರುತ್ತಿತ್ತು. ಅವಳು ಹೌದು ಅಂದರೆ ಮದುವೆ, ಇಲ್ಲ ಅಂದರೆ ಇಲ್ಲ. ನನ್ನನ್ನು ನೋಡಲಿಲ್ಲ.

"ಕಾಲು ಜಾರಿತ್ರಿ ಮಾಮಾರ," ಅಂದಳು. "ನೀವು ಬರಲಿಲ್ಲಂದ್ರ ನಾ ಇರ್ತಿದ್ದಿಲ್ಲ."

ಆಗ ಅವನಿಗೆ ಬೆನ್ನು ನೆಟ್ಟಗಾಯಿತು. ಚಕ್ಕಡಿ ಬಂತು. ಕೌದಿ ಹೊದ್ದೇ ಮನೆಗೆ ಬಂದು, ಚಹಾ ಕುಡಿದು, ವೀಳ್ಯದ ದಿನ ಗೊತ್ತುಮಾಡಿದ. ಜೊತೆಗೆ ಒಂದು ಮಾತು ಹಾಕಿದ. ಹುಡುಗಿಗೆ ನೀರಿನ ಕಂಟಕ ಐತಿ, ಇವತ್ತಿನಿಂದ ಕೆರಿ, ಹೊಳಿ, ಬಾವಿ ಅಂತ ಕಾಲಿಡಂಗಿಲ್ಲ ಎಂದ. ಅತ್ತೆ ಹೌದ್ರಿ ಎಂದಳು. ನಾದಿನಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ಮದುವೆ ಆಯಿತು. ಗಂಡ ಕೆಟ್ಟವನಲ್ಲ. ಕೂಸು ನೋಡಲು ಇಂಡಿಗೆ ಹೋದಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಸೈಕಲ್ ಒರೆಸುತ್ತಿದ್ದಳು. ಪಂಕ್ಚರ್ ತಿದ್ದಲು ಕಲಿತಿದ್ದಳು, ಗಾಳಿ ಹಾಕುತ್ತಿದ್ದಳು. ಹತ್ತಿದ್ದೀಯೇನು ಎಂದು ಕೇಳಿದೆ. ಗಿರಾಕಿಗಳು ಏನಂದಾರು ವೈನಿ ಎಂದಳು, ಅಷ್ಟೇ. ಬಚ್ಚಲಿಗೂ ನೀರು ತುಂಬಿಕೊಡುವವಳು ಅವಳ ಅತ್ತೆ. ಮಕ್ಕಳನ್ನೂ ನೀರಿಗೆ ಬಿಡಲಿಲ್ಲ, ಕಂಟಕ ತಾಯಿಯಿಂದ ಮಕ್ಕಳಿಗೆ ಬರುತ್ತದಂತೆ. ಸೋದರಮಾವ ಮದುವೆ ಮದುವೆಯಲ್ಲಿ ಆ ಕಥೆ ಹೇಳುತ್ತಿದ್ದ. ವರ್ಷ ವರ್ಷ ಕೆರೆ ಆಳವಾಗುತ್ತ ಹೋಯಿತು. ಕೇಳುತ್ತ ಕೇಳುತ್ತ ಅವಳೂ ನಂಬಿದಳೋ ಏನೋ. ಅವಳು ತೀರಿಹೋಗುವ ಮೊದಲು ಒಮ್ಮೆ, ನೀನು ನಡುವಿನ ಬಂಡೆ ಮುಟ್ಟಿ ಬಂದಿದ್ದೆಯಲ್ಲ ಎಂದೆ. ಯಾವ ಬಂಡೆ ವೈನಿ ಎಂದು ಕೇಳಿದಳು.

ನಮ್ಮೂರಲ್ಲೂ ಕೆರೆ ಆಳಿನ ಬಲಿ ತಗೋತೈತಿ ಎಂಬ ಮಾತು ಹಬ್ಬಿತು. ಒಂದೊಂದೇ ಮನೆಯವರು ಕೌದಿಯನ್ನು ಬಾವಿಯ ಹತ್ತಿರ ಒಗೆಯಲು ಶುರುಮಾಡಿದರು. ನಮ್ಮ ಒಂದು ದಿನವೂ ಹೋಯಿತು. ಈಗ ನನ್ನ ಮೊಮ್ಮಗಳು ಗೆಳತಿಯರ ಜೊತೆ ಎಲ್ಲೆಲ್ಲಿಯೋ ಗುಡ್ಡದ ಕೆರೆಗಳಿಗೆ ಸೈಕಲ್ ಹೊಡೆದುಕೊಂಡು ಹೋಗಿ ಈಸಿ ಬರುತ್ತಾಳೆ, ಫೋಟೋ ತೋರಿಸುತ್ತಾಳೆ. ಚಲೋ ಐತಿ ಅನ್ನುತ್ತೇನೆ. ಆಮೇಲೆ ಫೋನು ಅವಳ ಕೈಗೆ ಕೊಡುತ್ತೇನೆ.

ಕೆರೆಯಲ್ಲಿ ಮುಳುಗಿ ಎದ್ದ ಮರುದಿನವೇ ಆ ಸೋದರಮಾವ ನಸುಕಿನಲ್ಲಿ ಹೊರಟ. ಅವನು ಹೊದ್ದ ಕೌದಿ ಕೆಸರು ಮೆತ್ತಿಕೊಂಡು ಪಡಸಾಲೆಯಲ್ಲಿ ಬಿದ್ದಿತ್ತು, ಮತ್ತೆ ಒಗೆಯಬೇಕಿತ್ತು. ಬಾವಿಗೆ ಒಯ್ಯಿ ಎಂದಳು ಅತ್ತೆ. ನಾನು ತಲೆಯ ಮೇಲಿಟ್ಟುಕೊಂಡು ಗುಡ್ಡ ಹತ್ತಿದೆ. ನಾದಿನಿ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. ನಾನೂ ಕರೆಯಲಿಲ್ಲ. ಕೆರೆಯಲ್ಲಿ ಯಾರೂ ಇರಲಿಲ್ಲ. ಸವಳು ಹಾಕಿ ತುಳಿದೆ, ಜಾಲಾಡಿಸಿದೆ. ಒಂದು ತುದಿಯನ್ನು ಕಲ್ಲಿನ ಸಂದಿಯಲ್ಲಿ ಸಿಗಿಸಿ ತಿರುವಿ ನೋಡಿದೆ, ಜಾರಿತು. ಇನ್ನೊಮ್ಮೆ ನೋಡಿದೆ. ಕೊನೆಗೆ ಹಿಂಡದೆಯೇ, ನೀರು ಸೋರುವ ಹಾಗೆಯೇ, ಬಂಡೆಯ ಮೇಲೆ ಎಳೆದು ಹಾಕಿದೆ.